ಸೋದರಮಾವನ ಜೊತೆ ಮದುವೆ, ಈಗ ಮಗುವಿನ ಯೋಚನೆ: ಯಾವ ಜೆನೆಟಿಕ್ ಟೆಸ್ಟ್ ಮಾಡಿಸಬೇಕು?

ಜಮಖಂಡಿ_ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಜಮಖಂಡಿ ಕಡೆಯವರು. ನನ್ನ ಮದುವೆ ಸೋದರಮಾವನ ಜೊತೆಗೇ ಆಗಿದೆ. ಅಂದರೆ ನಮ್ಮ ಅತ್ತೆ ನನ್ನ ಸ್ವಂತ ಅಜ್ಜಿ, ಅವ್ವನ ತಾಯಿ. ನನಗೆ 24, ಅವರಿಗೆ 31. ಮುಂದಿನ ವರ್ಷ ಮಗು ಆಗಲಿ ಅಂತ ಇಬ್ಬರಿಗೂ ಆಸೆ ಇದೆ.

ಒಂದೇ ಭಯ. ನನ್ನ ಗಂಡನ ಅಣ್ಣನಿಗೆ, ಅಂದರೆ ನಮ್ಮ ದೊಡ್ಡ ಮಾವನಿಗೆ, ಒಂದು ಗಂಡು ಕೂಸು ಹುಟ್ಟಿತ್ತು. ಮುಖ ನೋಡಿ ಚೆಂದ ನಗುತ್ತಿತ್ತು. ಆದರೆ ಕತ್ತು ನಿಲ್ಲಲೇ ಇಲ್ಲ. ಕಾಲು ಎತ್ತುತ್ತಿರಲಿಲ್ಲ. ಎಂಟು ತಿಂಗಳಿಗೆ ನ್ಯುಮೋನಿಯಾ ಅಂತ ಅಡ್ಮಿಟ್ ಮಾಡಿದರು, ಉಳಿಯಲಿಲ್ಲ. ಮೂಲದಲ್ಲಿ ಏನು ರೋಗ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಆ ಕೂಸಿನ ತಾಯಿ ಕೂಡ ದೂರದವರಲ್ಲ, ಅಜ್ಜಿಯ ಅಣ್ಣನ ಮಗಳು. ಊರವರ ಮಾತೆಲ್ಲ ಅವರ ಮೇಲೇ. ಅವರು ಮತ್ತೆ ಮಗುವಿನ ಸುದ್ದಿಯೇ ಎತ್ತುವುದಿಲ್ಲ.

ಒಂದು ಲ್ಯಾಬಿನವರು ಕ್ಯಾರಿಯರ್ ಪ್ಯಾನೆಲ್ ಮಾಡಿಸಿ, ನೂರಾರು ರೋಗ ಒಂದೇ ಸಲಕ್ಕೆ ಗೊತ್ತಾಗುತ್ತದೆ ಅಂದರು. ಇಬ್ಬರದ್ದೂ ಸೇರಿ ರೇಟು ಕೇಳಿದ ಮೇಲೆ ಸುಮ್ನೆ ಎದ್ದು ಬಂದೆವು. ಕೂಸಿನ ವಿಷಯ ಹೇಳಿದರೂ ಅವರು ಏನೂ ಕೇಳಲಿಲ್ಲ. ಇದು ನಿಜಕ್ಕೂ ಬೇಕಾ? ಬೇಕಾದರೆ ಯಾವುದು ಮೊದಲು? ಅಜ್ಜಿಯಂತೂ ಇದೆಲ್ಲ ದುಡ್ಡು ಕೀಳೋ ಕೆಲಸ ಅನ್ನುತ್ತಾರೆ.


ವಿಜಯಪುರ_ಲ್ಯಾಬ್

ನಾನು ಲ್ಯಾಬ್ ಟೆಕ್ನಿಷಿಯನ್. ದೊಡ್ಡ ಪ್ಯಾನೆಲ್ ಆಮೇಲೆ ನೋಡೋಣ. ಮೊದಲು ಸಣ್ಣ ಎರಡು ಟೆಸ್ಟ್ ಮಾಡಿಸಿ. ಒಂದು ಸಿಬಿಸಿ, ಅಂದರೆ ರಕ್ತದ ಕಣಗಳ ಲೆಕ್ಕ, ಇನ್ನೊಂದು ಎಚ್‌ಪಿಎಲ್‌ಸಿ. ಎಚ್‌ಪಿಎಲ್‌ಸಿಯನ್ನು ಹಿಮೋಗ್ಲೋಬಿನ್ ವೇರಿಯಂಟ್ ಟೆಸ್ಟ್ ಅಂತಲೂ ಕರೆಯುತ್ತಾರೆ. ಥಲಸೇಮಿಯಾ, ಸಿಕಲ್ ಸೆಲ್ ಎರಡೂ ತಂದೆ ತಾಯಿಯಿಂದ ಇಳಿಯುವ ರಕ್ತದ ರೋಗ. ರೋಗ ಇಲ್ಲದೆ ಕೆಟ್ಟ ಜೀನ್ ಒಂದನ್ನು ಮಾತ್ರ ಹೊತ್ತವರನ್ನು ಮೈನರ್ ಅಥವಾ ಕ್ಯಾರಿಯರ್ ಅನ್ನುತ್ತಾರೆ. ಥಲಸೇಮಿಯಾ ಮೈನರ್ ಮತ್ತು ಸಿಕಲ್ ಸೆಲ್ ಎರಡೂ ಇದರಲ್ಲೇ ತಿಳಿಯುತ್ತವೆ.

ಸಿಬಿಸಿ ರಿಪೋರ್ಟ್ ಬಂದಾಗ ಎಲ್ಲರೂ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಮಾತ್ರ ನೋಡುತ್ತಾರೆ. ಅದರ ಕೆಳಗೆ ಎಂಸಿವಿ ಅಂತ ಇರುತ್ತದೆ, ಅಂದರೆ ಕೆಂಪು ಕಣದ ಗಾತ್ರ. ಅದು 80ಕ್ಕಿಂತ ಕಡಿಮೆ, ಎಂಸಿಎಚ್ (ಒಂದು ಕಣದಲ್ಲಿರುವ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆ ಇದ್ದರೆ ಸುಮ್ನೆ ಬಿಡಬೇಡಿ. ಐರನ್ ಕೊರತೆ ಇದ್ದರೂ ಹೀಗಾಗುತ್ತದೆ, ಥಲಸೇಮಿಯಾ ಮೈನರ್ ಇದ್ದರೂ ಹೀಗಾಗುತ್ತದೆ. ಎಂಸಿವಿಯನ್ನು ಕೆಂಪು ಕಣದ ಸಂಖ್ಯೆಯಿಂದ ಭಾಗಿಸಿ ನೋಡಿ. ಕಣದ ಸಂಖ್ಯೆಯನ್ನು ಹತ್ತು ಲಕ್ಷದ ಲೆಕ್ಕದಲ್ಲಿ ಬರೆದಿರುತ್ತಾರೆ, ಉದಾಹರಣೆಗೆ 5.4. ಉತ್ತರ 13ಕ್ಕಿಂತ ಕಡಿಮೆ ಬಂದರೆ ಮೈನರ್ ಇರಬಹುದು ಅಂತ ಅನುಮಾನ. ಖಾತ್ರಿ ಮಾಡುವುದು ಎಚ್‌ಪಿಎಲ್‌ಸಿ. ಅದರಲ್ಲಿ ಎಚ್‌ಬಿ ಎ2 ಪ್ರಮಾಣ ಶೇ. 3.5ಕ್ಕಿಂತ ಜಾಸ್ತಿ ಇದ್ದರೆ ಬೀಟಾ ಥಲಸೇಮಿಯಾ ಕ್ಯಾರಿಯರ್ ಅಂತ ಅರ್ಥ.

ಎರಡು ವಿಷಯ ನೆನಪಿಡಿ. ಐರನ್ ತುಂಬಾ ಕಡಿಮೆ ಇದ್ದರೆ ಎ2 ಸಂಖ್ಯೆ ಕೆಳಗಿಳಿದು ರಿಪೋರ್ಟ್ ನಾರ್ಮಲ್ ಅಂತ ಬರಬಹುದು. ಹಾಗಾಗಿ ಮೈಯಲ್ಲಿ ಐರನ್ ಎಷ್ಟು ಕೂಡಿದೆ ಅಂತ ಹೇಳುವ ಫೆರಿಟಿನ್ ಕೂಡ ನೋಡಿಸಿ. ಇನ್ನು ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಮೊದಲೇ ಹೇಳಿ. ಬೇರೆಯವರ ರಕ್ತದ ರಿಪೋರ್ಟ್ ನಿಮ್ಮ ಹೆಸರಲ್ಲಿ ಬರುತ್ತದೆ.

ಇನ್ನೊಂದು ಮಾತು. ಮದುವೆಗೆ ಮುಂಚೆ ಬ್ಲಡ್ ಗ್ರೂಪ್ ನೋಡಿಸಲು ನಮ್ಮಲ್ಲಿ ಬಹಳ ಜನ ಬರುತ್ತಾರೆ. ಇಬ್ಬರದೂ ಒಂದೇ ಗ್ರೂಪ್ ಇದ್ದರೆ ಮಗುವಿಗೆ ತೊಂದರೆ ಅಂತ ನಂಬಿಕೆ. ಅದು ಸುಳ್ಳು. ಒಂದೇ ಗ್ರೂಪ್ ಇದ್ದರೆ ಏನೂ ಆಗುವುದಿಲ್ಲ. ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಇದ್ದರೆ ಮಾತ್ರ ಡಾಕ್ಟರ್ ಗಮನ ಇಡುತ್ತಾರೆ, ಅದಕ್ಕೂ ಆಂಟಿ-ಡಿ ಇಂಜೆಕ್ಷನ್ ಇದೆ. ಗ್ರೂಪ್ ನೋಡಿ ಸಮಾಧಾನ ಆಗಿ ಹೋಗುವವರು ಅದೇ ರಕ್ತದಲ್ಲಿ ಎಚ್‌ಪಿಎಲ್‌ಸಿ ಕೂಡ ಮಾಡಿಸಿದ್ದರೆ ಎಷ್ಟೋ ಮನೆಗಳ ಕಷ್ಟ ತಪ್ಪುತ್ತಿತ್ತು.


ಹಳೇ_ಬಾಗಲಕೋಟೆ

ತಂಗಿ, ನಿನ್ನ ಅಜ್ಜಿ ಹೇಳುವುದರಲ್ಲಿಯೂ ಅರ್ಥ ಇದೆ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಅಕ್ಕನ ಮಗಳನ್ನು ತಂದುಕೊಂಡಿದ್ದೇವೆ. ನನ್ನ ಹೆಂಡತಿಯೂ ನನ್ನ ಅಕ್ಕನ ಮಗಳೇ. ಮೂರೂ ಮಕ್ಕಳು ಗಟ್ಟಿಯಾಗಿದ್ದಾರೆ, ಒಬ್ಬ ಇಂಜಿನಿಯರ್. ಹೊರಗೆ ಕೊಟ್ಟ ಮನೆಗಳಲ್ಲೂ ಮಕ್ಕಳಿಗೆ ರೋಗ ಬರುವುದಿಲ್ಲವೇ? ಹೆಣ್ಣುಮಗಳು ತನ್ನವರ ನಡುವೆಯೇ ಇರಲಿ ಅಂತ ಹಿರಿಯರು ಮಾಡಿದ ಪದ್ಧತಿ ಇದು. ಎಲ್ಲದಕ್ಕೂ ರಿಪೋರ್ಟ್ ತೆಗೆಸುತ್ತಾ ಹೋದರೆ ನೆಮ್ಮದಿ ಹೋಗುತ್ತದೆ. ಬೇಜಾರು ಮಾಡಿಕೊಳ್ಳಬೇಡ, ಹೆದರಬೇಡ ಅಂತ ಹೇಳಲು ಬರೆದೆ.


ಬೆಳಗಾವಿ_ಮಕ್ಕಳಡಾಕ್ಟರ್

ಕಾಕಾ, ನಿಮ್ಮ ಮಾತಲ್ಲಿ ನಿಜ ಇದೆ. ಹೊರಗಿನ ಮದುವೆಯಲ್ಲೂ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಏನಾದರೂ ದೊಡ್ಡ ತೊಂದರೆ ಇರುತ್ತದೆ. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು ಎರಡರಷ್ಟು ಆಗುತ್ತದೆ. ಸೋದರಮಾವನ ಮದುವೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ, ನಿಮ್ಮ ಮಕ್ಕಳ ಹಾಗೆ. ಇದು ಅಪರೂಪದ ಪದ್ಧತಿಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಮದುವೆಗಳು ಸಂಬಂಧದಲ್ಲೇ ಆಗಿವೆ. ಆದರೆ ಜಮಖಂಡಿ ತಂಗಿಯ ಮನೆಯಲ್ಲಿ ಈಗಾಗಲೇ ಒಂದು ಕೂಸು ಹೋಗಿದೆ. ಅಲ್ಲಿಗೆ ಲೆಕ್ಕ ಬೇರೆ ಆಗುತ್ತದೆ. ಅದನ್ನೇ ಬಿಡಿಸಿ ಹೇಳುತ್ತೇನೆ.

ನಮ್ಮ ಒಂದೊಂದು ಜೀನೂ ಜೋಡಿಯಾಗಿ ಇರುತ್ತದೆ. ಒಂದು ತಂದೆಯದು, ಒಂದು ತಾಯಿಯದು. ಜೋಡೆತ್ತಿನಲ್ಲಿ ಒಂದು ಕುಂಟಿದರೂ ಇನ್ನೊಂದು ಬಂಡಿ ಎಳೆದುಕೊಂಡು ಹೋಗುತ್ತದೆ. ಅಂಥವರನ್ನು ಕ್ಯಾರಿಯರ್ ಅನ್ನುತ್ತೇವೆ. ಅವರಿಗೆ ರೋಗ ಇರುವುದಿಲ್ಲ. ನಾನು, ನೀವು, ಎಲ್ಲರೂ ಯಾವುದಾದರೂ ಒಂದೆರಡು ರೋಗಕ್ಕೆ ಕ್ಯಾರಿಯರ್ ಆಗಿಯೇ ಇರುತ್ತೇವೆ. ಗಂಡ ಹೆಂಡತಿ ಇಬ್ಬರೂ ಒಂದೇ ರೋಗಕ್ಕೆ ಕ್ಯಾರಿಯರ್ ಆಗಿದ್ದರೆ ಮಾತ್ರ ತೊಂದರೆ. ಆಗ ಪ್ರತಿ ಬಸಿರಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25. ಮೊದಲ ಮಗುವಿಗೆ ಬಂದಿದೆ, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ ಅಂತ ಅಲ್ಲ. ಪ್ರತಿ ಸಲವೂ ಅದೇ ಶೇ. 25.

ಸಂಬಂಧದಲ್ಲಿ ಮದುವೆ ಆದವರ ಜೀನ್‌ಗಳು ಒಂದೇ ಮನೆಯಿಂದ ಬಂದಿರುತ್ತವೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಕಾಲು ಭಾಗ ಜೀನ್ ಒಂದೇ. ಅತ್ತೆ ಮಗಳು, ಮಾವನ ಮಗ ಅಂದರೆ ಎಂಟರಲ್ಲಿ ಒಂದು ಭಾಗ. ಹಾಗಾಗಿ ಒಂದೇ ಕೆಟ್ಟ ಜೀನ್ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ.

ಈಗ ನಿಮ್ಮ ಮನೆಗೆ ಬರೋಣ. ಕತ್ತು ನಿಲ್ಲಲಿಲ್ಲ, ಕಾಲು ಎತ್ತಲಿಲ್ಲ, ಆದರೆ ಮುಖ ನೋಡಿ ನಗುತ್ತಿತ್ತು, ಕೊನೆಗೆ ಉಸಿರಾಟಕ್ಕೆ ತೊಂದರೆ ಆಯಿತು ಅಂದಿರಿ. ಇದನ್ನು ಕೇಳಿದ ಯಾವ ಮಕ್ಕಳ ಡಾಕ್ಟರಿಗೂ ಮೊದಲು ಎಸ್‌ಎಂಎ ನೆನಪಾಗುತ್ತದೆ. ಪೂರ್ತಿ ಹೆಸರು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ. ಬೆನ್ನುಹುರಿಯ ನರಕೋಶ ಸಾಯುತ್ತಾ ಹೋಗಿ ಸ್ನಾಯು ಸೋಲುತ್ತವೆ, ಬುದ್ಧಿ ಮಾತ್ರ ಚುರುಕಾಗಿಯೇ ಇರುತ್ತದೆ. ಅದೇ ಅಂತ ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಕೂಸಿನದು ಎರಡೂ ಕಡೆಯಿಂದ ಬರುವ ಇಂಥ ರೋಗವೇ ಆಗಿದ್ದು, ಜೀನ್ ನಿಮ್ಮ ಅಜ್ಜಿಯ ಕಡೆಯಿಂದಲೇ ಇಳಿದಿದೆ ಅಂತ ಇಟ್ಟುಕೊಳ್ಳಿ. ಆಗ ನಿಮ್ಮ ದೊಡ್ಡ ಮಾವ ಕ್ಯಾರಿಯರ್. ನಿಮ್ಮ ಗಂಡ ಅವರ ತಮ್ಮ, ಕ್ಯಾರಿಯರ್ ಆಗಿರುವ ಸಾಧ್ಯತೆ ಎರಡರಲ್ಲಿ ಒಂದು. ನಿಮ್ಮ ಅವ್ವ ಅವರ ಒಡಹುಟ್ಟಿದವರು, ಅವರಿಗೂ ಎರಡರಲ್ಲಿ ಒಂದು. ಅವ್ವನಿಂದ ನಿಮಗೆ ಇಳಿದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರೂ ಕ್ಯಾರಿಯರ್ ಆಗಿರುವುದು ಎಂಟರಲ್ಲಿ ಒಂದು. ಅದರಲ್ಲಿ ಕಾಲು ಭಾಗ ತೆಗೆದರೆ ಮಗುವಿಗೆ ರೋಗ ಬರುವ ಸಾಧ್ಯತೆ 32ರಲ್ಲಿ ಒಂದು. ನಿಮ್ಮ ಗಂಡ ಹೊರಗಿನ ಹುಡುಗಿಯನ್ನು ಮದುವೆ ಆಗಿದ್ದರೆ ಇದೇ ಲೆಕ್ಕ 300ರಲ್ಲಿ ಒಂದಕ್ಕೂ ಕಡಿಮೆ ಆಗುತ್ತಿತ್ತು. ಏಕೆಂದರೆ ಜನರಲ್ಲಿ ಸುಮಾರು 40-50 ಮಂದಿಗೆ ಒಬ್ಬರು ಎಸ್‌ಎಂಎ ಕ್ಯಾರಿಯರ್. 32ರಲ್ಲಿ ಒಂದು ಅಂದರೆ 31 ಸಲ ಮಗು ಚೆನ್ನಾಗಿರುತ್ತದೆ. ಹಾಗಂತ ಕಣ್ಣುಮುಚ್ಚಿ ಹೋಗುವಷ್ಟು ಸಣ್ಣ ಸಂಖ್ಯೆಯೂ ಅಲ್ಲ.

ನಿಮ್ಮ ಟೆಸ್ಟ್‌ಗೂ ಮೊದಲು ಆ ಕೂಸಿನ ತಂದೆ ತಾಯಿಯ ಟೆಸ್ಟ್ ಆಗಬೇಕು. ಎಸ್‌ಎಂಎಗೆ ಎಂಎಲ್‌ಪಿಎ ಅನ್ನುವ ಪರೀಕ್ಷೆ ಇದೆ. ಎಸ್‌ಎಂಎನ್1 ಜೀನ್‌ನ ಪ್ರತಿ ಎಷ್ಟಿದೆ ಅಂತ ಎಣಿಸುತ್ತದೆ. ಇಬ್ಬರಿಗೂ ಒಂದೊಂದೇ ಪ್ರತಿ ಇದ್ದರೆ ಕೂಸಿಗೆ ಏನಾಗಿತ್ತು ಅನ್ನುವುದು ಹೆಚ್ಚುಕಡಿಮೆ ಖಾತ್ರಿ. ಆಮೇಲೆ ನಿಮ್ಮಿಬ್ಬರಿಗೆ ಅದೊಂದನ್ನೇ ನೋಡಿದರೆ ಸಾಕಾಗಬಹುದು. ಮನೆಯಲ್ಲಿ ಏನು ರೋಗ ಇದೆ ಅಂತ ಕೇಳದೆ ಪ್ಯಾನೆಲ್ ಮಾರುವುದು ತಪ್ಪು. ಕೆಲವು ಪ್ಯಾನೆಲ್‌ಗಳಲ್ಲಿ ಈ ಎಣಿಕೆ ಇರುವುದೇ ಇಲ್ಲ, ಬಹಳಷ್ಟು ಜೀನ್ ಒಟ್ಟಿಗೆ ಓದುವ ಎಕ್ಸೋಮ್ ಟೆಸ್ಟ್‌ನಲ್ಲೂ ಇದು ತಪ್ಪಿಹೋಗಬಹುದು. ಅಷ್ಟು ದುಡ್ಡು ಕೊಟ್ಟು ನಿಮಗೆ ಬೇಕಾದ ಒಂದೇ ಉತ್ತರ ಸಿಗದೆ ಹೋಗಬಹುದು.

ಕೂಸಿನ ಹಳೆಯ ಫೈಲ್ ಹುಡುಕಿ. ಡಿಸ್ಚಾರ್ಜ್ ಕಾರ್ಡ್, ರಕ್ತದ ರಿಪೋರ್ಟ್, ಫೋನ್‌ನಲ್ಲಿ ಉಳಿದಿರುವ ವಿಡಿಯೋ, ಏನಿದ್ದರೂ ಬೇಕು.


ಕೂಸಿನವ್ವ_ಬೆಳಗಾವಿ

ನನ್ನ ಮಗಳಿಗೆ ಥಲಸೇಮಿಯಾ ಮೇಜರ್, ಅಂದರೆ ಎರಡೂ ಕಡೆಯಿಂದ ಕೆಟ್ಟ ಜೀನ್ ಬಂದು ರೋಗವೇ ಆಗಿರುವುದು. ನಮ್ಮದು ಸಂಬಂಧದ ಮದುವೆ ಅಲ್ಲ. ಅವರ ಊರು ಅಥಣಿ, ನನ್ನದು ಖಾನಾಪುರ. ಮದುವೆಗೆ ಮುಂಚೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಸಂಬಂಧದಲ್ಲಿ ಆಗಿಲ್ಲ, ನಮಗೇನೂ ಇಲ್ಲ ಅಂತ ಕೂತಿರುವವರಿಗಾಗಿ ಬರೆಯುತ್ತಿದ್ದೇನೆ.

ಬಸಿರಿದ್ದಾಗ ನನ್ನ ಹಿಮೋಗ್ಲೋಬಿನ್ ಯಾವಾಗಲೂ 10ರ ಆಸುಪಾಸು. ರಕ್ತ ಕಡಿಮೆ ಇದೆ ಅಂತ ಐರನ್ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೂ ಏರಲಿಲ್ಲ. ಯಾಕೆ ಏರಲಿಲ್ಲ ಅಂತ ಯಾರೂ ಕೇಳಲಿಲ್ಲ. ಮಗಳು ಹುಟ್ಟಿದಾಗ ಚೆನ್ನಾಗಿಯೇ ಇದ್ದಳು. ಈ ಮಕ್ಕಳು ಹುಟ್ಟುವಾಗ ಹಾಗೇ ಇರುತ್ತವೆ, ಆರು ತಿಂಗಳ ನಂತರ ಬಿಳಿಚಿಕೊಳ್ಳಲು ಶುರುವಾಗುತ್ತದೆ. ಆಮೇಲೆ ನಮ್ಮಿಬ್ಬರ ರಕ್ತ ನೋಡಿದರು. ಇಬ್ಬರೂ ಮೈನರ್.

ಈಗ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ರಕ್ತದ ಜೊತೆ ಮೈಯಲ್ಲಿ ಕಬ್ಬಿಣ ತುಂಬುತ್ತದೆ. ಅದನ್ನು ತೆಗೆಯದಿದ್ದರೆ ಹೃದಯ, ಲಿವರ್ ಎರಡೂ ಹಾಳಾಗುತ್ತವೆ. ಅದಕ್ಕೆ ದಿನಾ ಮಾತ್ರೆ. ಬೇಸಿಗೆ ರಜೆಯಲ್ಲಿ ಕಾಲೇಜು ಇರುವುದಿಲ್ಲ, ರಕ್ತದಾನ ಕಡಿಮೆ ಆಗುತ್ತದೆ. ಏಪ್ರಿಲ್, ಮೇ ಬಂತೆಂದರೆ ನನಗೆ ನಿದ್ದೆ ಇಲ್ಲ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಥಲಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಇಂಥ ಮಕ್ಕಳಿರುವವರು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಕೊಳ್ಳಿ.

ನನ್ನ ಮಗಳು ಓದಿನಲ್ಲಿ ಜಾಣೆ, ಚಿತ್ರ ಬಿಡಿಸುತ್ತಾಳೆ, ಅವಳಿಲ್ಲದ ಮನೆ ನನಗೆ ಬೇಡ. ಆದರೆ ಅವಳ ಕೈಯಲ್ಲಿ ಸೂಜಿ ಚುಚ್ಚುವ ಜಾಗ ಹುಡುಕುವಾಗ ನನಗೆ ಅನಿಸುವುದು ಒಂದೇ. ಒಂದು ರಕ್ತದ ಟೆಸ್ಟ್ ಮಾಡಿಸಿ ಅಂತ ನನಗೆ ಯಾರಾದರೂ ಹೇಳಬೇಕಿತ್ತು.

ಎರಡನೇ ಮಗುವಿಗೆ ಮೊದಲೇ ನಮ್ಮಿಬ್ಬರ ಡಿಎನ್‌ಎ ಟೆಸ್ಟ್ ಮಾಡಿಸಿ, ಬಸಿರು ನಿಂತ ಮೇಲೆ ಸಿವಿಎಸ್ (ಹೊಟ್ಟೆಯಲ್ಲಿರುವ ಮಗುವಿಗೆ ರೋಗ ಇದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಿದೆವು. ಮಗ ಮೈನರ್, ಆರೋಗ್ಯವಾಗಿದ್ದಾನೆ.


ತಾಳಿಕೋಟೆ_ಹುಡುಗ

ನನ್ನ ಮದುವೆ ಚಿಕ್ಕಪ್ಪನ ಮಗಳ ಜೊತೆ ಗೊತ್ತಾಗಿದೆ. ನಮ್ಮಲ್ಲಿ ಇದು ನಡೆಯುತ್ತದೆ. ಮನೆಯಲ್ಲಿ ಯಾವ ಮಗುವಿಗೂ ತೊಂದರೆ ಇಲ್ಲ. ನಮಗೂ ಈ ಟೆಸ್ಟ್ ಬೇಕಾ? ಮದುವೆಗೆ ಮುಂಚೆ ಮಾಡಿಸಬೇಕಾ, ಆಮೇಲಾ? ಹುಡುಗಿ ಮನೆಯವರು ತಪ್ಪು ತಿಳಿಯುತ್ತಾರೆ ಅಂತ ಅಳುಕು.


ಬೆಳಗಾವಿ_ಮಕ್ಕಳಡಾಕ್ಟರ್

ಚಿಕ್ಕಪ್ಪನ ಮಗಳಾದರೂ ಸೋದರತ್ತೆಯ ಮಗಳಾದರೂ ಜೀನ್ ಲೆಕ್ಕ ಒಂದೇ, ಎಂಟರಲ್ಲಿ ಒಂದು. ಮದುವೆಗೆ ಮುಂಚೆಯೋ ಆಮೇಲೋ ಅನ್ನುವುದು ನಿಮ್ಮಿಬ್ಬರ ತೀರ್ಮಾನ. ಬಸಿರಿಗೆ ಮುಂಚೆ ಆದರೆ ಸಾಕು. ಎಚ್‌ಪಿಎಲ್‌ಸಿ ಇಬ್ಬರಿಗೂ ಆಗಲಿ. ಮನೆಯಲ್ಲಿ ಯಾರಿಗೂ ಏನೂ ಇಲ್ಲ ಅನ್ನುವುದನ್ನು ಮಾತ್ರ ಇನ್ನೊಮ್ಮೆ ಹಿರಿಯರನ್ನು ಕೂರಿಸಿ ಕೇಳಿ. ಹುಟ್ಟಿ ಸತ್ತ ಕೂಸು, ಪದೇ ಪದೇ ಇಳಿದ ಬಸಿರು, ಫಿಟ್ಸ್ ಬರುತ್ತಿದ್ದ ಕಾಕಾ, ಮಾತು ಬಾರದ ಚಿಕ್ಕಮ್ಮ, ಇವರನ್ನೆಲ್ಲ ಮನೆಯವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂರು ತಲೆಮಾರಿನ ಪಟ್ಟಿ ಬರೆಯಿರಿ. ಜೆನೆಟಿಕ್ ಕೌನ್ಸೆಲರ್ ಮೊದಲು ಕೇಳುವುದು ಅದನ್ನೇ.

ಮನೆಯಲ್ಲಿ ನಿಜಕ್ಕೂ ಯಾರಿಗೂ ಏನೂ ಇಲ್ಲದಿದ್ದರೂ, ಸಂಬಂಧದ ಮದುವೆ ಆದವರು ಅನುಕೂಲ ಇದ್ದರೆ ಇಬ್ಬರೂ ಸೇರಿ ದೊಡ್ಡ ಕ್ಯಾರಿಯರ್ ಟೆಸ್ಟ್ ಮಾಡಿಸಬಹುದು. ಅದು ನಿಮ್ಮ ಮಟ್ಟಿಗೆ ಉಪಯೋಗದ್ದೇ. ಆದರೆ ರಿಪೋರ್ಟ್‌ನಲ್ಲಿ ಏನೂ ಇಲ್ಲ ಅಂತ ಬಂದರೆ ಅಪಾಯ ಸೊನ್ನೆ ಅಂತ ಅಲ್ಲ, ಕಡಿಮೆ ಆಯಿತು ಅಂತ. ವಿಯುಎಸ್ ಅಂತ ಬರೆದಿದ್ದರೆ ಅರ್ಥ ಇನ್ನೂ ಸ್ಪಷ್ಟವಿಲ್ಲದ ಬದಲಾವಣೆ ಅಂತ. ಅದೊಂದನ್ನೇ ನೋಡಿ ಯಾವ ತೀರ್ಮಾನವನ್ನೂ ಮಾಡಬಾರದು.


ಗೋಕಾಕ_ಕರದಂಟು

ನಮ್ಮದು ಬೇರೆ ಪ್ರಶ್ನೆ. ಮೂರು ಸಲ ಬಸಿರು ನಿಂತು ಎರಡು ಮೂರು ತಿಂಗಳಲ್ಲೇ ಇಳಿದಿದೆ. ನನ್ನ ಎಲ್ಲಾ ಟೆಸ್ಟ್ ಆಗಿವೆ, ಥೈರಾಯ್ಡ್, ಸ್ಕ್ಯಾನಿಂಗ್ ಎಲ್ಲಾ. ಗಂಡ ಒಂದು ಟೆಸ್ಟ್‌ಗೂ ಬಂದಿಲ್ಲ. ನನಗೇನಾಗಿದೆ, ನಾನು ಗಟ್ಟಿ ಇದ್ದೇನೆ ಅನ್ನುತ್ತಾರೆ.


ವಿಜಯಪುರ_ಲ್ಯಾಬ್

ಅಕ್ಕಾರೆ, ಇದನ್ನು ನಾನು ದಿನಾ ನೋಡುತ್ತೇನೆ. ಹೆಂಡತಿಯ ಹೆಸರಲ್ಲಿ ಹತ್ತು ರಿಪೋರ್ಟ್ ಇರುತ್ತವೆ, ಗಂಡನ ಹೆಸರಲ್ಲಿ ಒಂದೂ ಇರುವುದಿಲ್ಲ. ನಿಮ್ಮದಕ್ಕೆ ಕೇಳಬೇಕಾದ್ದು ಕ್ಯಾರಿಯೋಟೈಪ್. ಇಬ್ಬರ ರಕ್ತವೂ ಬೇಕು. ಇದು ಒಂದು ಜೀನ್ ನೋಡುವ ಟೆಸ್ಟ್ ಅಲ್ಲ, ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್‌ಗಳನ್ನು ಸಾಲಾಗಿ ಜೋಡಿಸಿ ನೋಡುವುದು.


ಬೆಳಗಾವಿ_ಮಕ್ಕಳಡಾಕ್ಟರ್

ಅವರು ಹೇಳಿದ್ದು ಸರಿ. ಪದೇ ಪದೇ ಬಸಿರು ಇಳಿಯುವ ನೂರು ಜೋಡಿಗಳಲ್ಲಿ ಮೂರರಿಂದ ಐದು ಜೋಡಿಗಳಲ್ಲಿ ಒಬ್ಬರಿಗೆ ಟ್ರಾನ್ಸ್‌ಲೊಕೇಶನ್ ಇರುತ್ತದೆ. ಕ್ರೋಮೋಸೋಮ್‌ನ ಒಂದು ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಆ ವ್ಯಕ್ತಿ ಪೂರ್ತಿ ಆರೋಗ್ಯವಾಗಿಯೇ ಇರುತ್ತಾರೆ, ಏಕೆಂದರೆ ಅವರಲ್ಲಿ ಏನೂ ಕಡಿಮೆ ಆಗಿಲ್ಲ, ಜಾಗ ಬದಲಾಗಿದೆ ಅಷ್ಟೇ. ಮಗುವಿಗೆ ಹೋಗುವಾಗ ಮಾತ್ರ ಹೆಚ್ಚುಕಡಿಮೆ ಆಗುತ್ತದೆ. ಅದು ಗಂಡನಲ್ಲೂ ಇರಬಹುದು. ಅವರು ಗಟ್ಟಿ ಇದ್ದಾರೆ ಅನ್ನುವುದು ಟೆಸ್ಟ್ ತಪ್ಪಿಸಲು ಕಾರಣ ಆಗುವುದಿಲ್ಲ. ಈ ಮಾತನ್ನು ಅವರಿಗೆ ಓದಲು ಕೊಡಿ.


ಮುಧೋಳ_ಮಾಸ್ತರ

ನಾನು ಶಾಲಾ ಶಿಕ್ಷಕ. ಹುಟ್ಟಿನಿಂದ ಕಿವಿ ಕೇಳಿಸದ ಅಣ್ಣ ತಂಗಿ ಇಬ್ಬರಿಗೆ ಪಾಠ ಮಾಡಿದ್ದೇನೆ. ಇದೂ ಎಷ್ಟೋ ಸಲ ಎರಡೂ ಕಡೆಯಿಂದ ಇಳಿಯುವ ಜೀನ್‌ನಿಂದಲೇ ಅಂತ ಆಮೇಲೆ ತಿಳಿದುಕೊಂಡೆ. ಕನೆಕ್ಸಿನ್ 26 ಅನ್ನುವ ಪ್ರೋಟೀನ್‌ನ ಜೀನ್ ಅದರಲ್ಲಿ ಮುಖ್ಯ. ಮೊದಲ ಮಗುವಿಗೆ ಮೂರು ತಿಂಗಳಲ್ಲೇ ಗೊತ್ತಾಗಿದ್ದರೆ ಶ್ರವಣ ಸಾಧನ, ಮಾತಿನ ತರಬೇತಿ ಬೇಗ ಶುರು ಮಾಡಬಹುದಿತ್ತು. ಹುಡುಗ ಶಾಲೆಗೆ ಬರುವವರೆಗೆ ಯಾರೂ ನೋಡಿರಲಿಲ್ಲ. ಮನೆಯಲ್ಲಿ ಇಂಥ ಮಗು ಇದ್ದರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ (ಮಕ್ಕಳ ತೊಂದರೆ ಬೇಗ ಗುರುತಿಸುವ ಕೇಂದ್ರ) ಕರೆದುಕೊಂಡು ಹೋಗಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರ ಅದು.

ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಜೆನೆಟಿಕ್ ಟೆಸ್ಟ್ ಅಂದ ಕೂಡಲೇ ಗಂಡೋ ಹೆಣ್ಣೋ ಗೊತ್ತಾಗುತ್ತದಾ ಅಂತ ಕೆಲವರು ನನ್ನನ್ನೇ ಕೇಳಿದ್ದಾರೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಅದನ್ನು ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಕೇಳಿದವರಿಗೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಇದೆ. ಗಂಡ ಹೆಂಡತಿಯ ಕ್ಯಾರಿಯರ್ ಟೆಸ್ಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಹೆಣ್ಣು ಕೂಸನ್ನು ಬೇಡ ಅನ್ನಲು ಈ ವಿದ್ಯೆ ಬಂದಿಲ್ಲ.


ಜಮಖಂಡಿ_ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಅಕ್ಕಾರ ಜೊತೆ, ಆ ಕೂಸಿನ ತಾಯಿಯ ಜೊತೆ, ಮಾತಾಡಿದೆ. ಅವರಿಗೆ ನೋವಾಗುತ್ತದೆ ಅಂತ ಹೆದರಿದ್ದೆ. ಆದರೆ ಟ್ರಂಕ್‌ನಿಂದ ಫೈಲ್ ತೆಗೆದು ಅವರೇ ನನ್ನ ಕೈಗೆ ಕೊಟ್ಟರು. ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಅದರಲ್ಲಿ ಹೈಪೊಟೋನಿಯಾ (ಸ್ನಾಯು ಸಡಿಲ) ಅಂತ ಇದೆ. ಎರಡನೇ ಸಾಲಿನಲ್ಲಿ ಟಂಗ್ ಫ್ಯಾಸಿಕ್ಯುಲೇಶನ್, ರಿಫ್ಲೆಕ್ಸ್ ಆಬ್ಸೆಂಟ್ ಅಂತ ಇದೆ. ಕೆಳಗೆ ಜೆನೆಟಿಕ್ ವರ್ಕಪ್ ಅಡ್ವೈಸ್ಡ್, ಅಂದರೆ ಜೆನೆಟಿಕ್ ಟೆಸ್ಟ್ ಮಾಡಿಸಿ, ಅಂತ ಬರೆದಿದ್ದಾರೆ. ಇದನ್ನು ಯಾರೂ ಮನೆಯವರಿಗೆ ಓದಿ ಹೇಳಿಲ್ಲ.

ಅಕ್ಕಾರು ಒಂದೇ ಪ್ರಶ್ನೆ ಕೇಳಿದರು. ನನ್ನಿಂದಲೇ ಆಯಿತಾ ಅಂತ ಈ ಟೆಸ್ಟ್ ಹೇಳುತ್ತದಾ?


ಬೆಳಗಾವಿ_ಮಕ್ಕಳಡಾಕ್ಟರ್

ನಾಲಿಗೆ ಒಳಗೊಳಗೇ ನಡುಗುವುದು, ರಿಫ್ಲೆಕ್ಸ್ ಇಲ್ಲದಿರುವುದು, ಇವೆರಡೂ ಎಸ್‌ಎಂಎ ಕಡೆಗೇ ತೋರಿಸುತ್ತವೆ. ಈಗ ಎಂಎಲ್‌ಪಿಎ ಮಾಡಿಸಲು ಗಟ್ಟಿ ಕಾರಣ ಸಿಕ್ಕಿತು.

ಅವರ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ಅವರಿಂದಲೇ ಆಗಿಲ್ಲ. ಅವರೊಬ್ಬರಿಂದ ಈ ರೋಗ ಬರುವುದಕ್ಕೆ ಸಾಧ್ಯವೇ ಇಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಸೇರಿದರೆ ಮಾತ್ರ ರೋಗ. ಅವರು ತಿಂದದ್ದು, ಗ್ರಹಣದಲ್ಲಿ ಹೊರಗೆ ಹೋದದ್ದು, ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದು, ಯಾವುದೂ ಕಾರಣ ಅಲ್ಲ. ಇದನ್ನು ನಿಮ್ಮ ಅಜ್ಜಿಯ ಎದುರಿಗೇ, ದೊಡ್ಡ ಮಾವನ ಎದುರಿಗೇ ಹೇಳಿ. ಬೇಕಾದರೆ ಎಲ್ಲರನ್ನೂ ಕರೆದುಕೊಂಡು ಬನ್ನಿ, ಕೌನ್ಸೆಲರ್ ಹೇಳುತ್ತಾರೆ. ಅವರಿಗೂ ಇನ್ನೊಂದು ಮಗು ಆಗಬಹುದು. ನಾಲ್ಕರಲ್ಲಿ ಮೂರು ಸಲ ಮಗುವಿಗೆ ರೋಗ ಇರುವುದಿಲ್ಲ, ಜೊತೆಗೆ ಮೊದಲೇ ತಿಳಿಯುವ ದಾರಿಯೂ ಇದೆ.


ಜಮಖಂಡಿ_ಸೊಸೆ

ಡಾಕ್ಟರ್, ಒಂದು ವೇಳೆ ನಾವಿಬ್ಬರೂ ಕ್ಯಾರಿಯರ್ ಅಂತ ಬಂದರೆ? ಮಗುವಿನ ಆಸೆ ಬಿಡಬೇಕಾ?


ಬೆಳಗಾವಿ_ಮಕ್ಕಳಡಾಕ್ಟರ್

ಬಿಡಬೇಕಾಗಿಲ್ಲ. ಬಸಿರು ನಿಂತ ಮೇಲೆ 11ರಿಂದ 13 ವಾರದೊಳಗೆ ಸಿವಿಎಸ್ ಮಾಡುತ್ತಾರೆ. ಮುಂದೆ ಮಾಸು ಆಗುವ ಭಾಗದಿಂದ ಸ್ವಲ್ಪ ಅಂಶ ತೆಗೆದು ನೋಡುವುದು. ಅದು ತಪ್ಪಿದರೆ 15-16 ವಾರದ ನಂತರ ಆಮ್ನಿಯೋಸೆಂಟಿಸಿಸ್, ಅಂದರೆ ಗರ್ಭದ ನೀರು ತೆಗೆದು ನೋಡುವುದು. ಬಸಿರು ಇಳಿಯುವ ಅಪಾಯ ಎರಡರಲ್ಲೂ ಇದೆ, ಅನುಭವ ಇರುವ ಕೈಯಲ್ಲಿ ಅದು ತುಂಬಾ ಕಡಿಮೆ. ಈಗ ಎಲ್ಲಾ ಕಡೆ ಜಾಹೀರಾತು ಬರುವ ಎನ್‌ಐಪಿಟಿ ಇದಕ್ಕೆ ಸಾಲದು. ಅದು ಮುಖ್ಯವಾಗಿ ಡೌನ್ ಸಿಂಡ್ರೋಮ್ ತರಹದ ಕ್ರೋಮೋಸೋಮ್ ತೊಂದರೆಗೆ ಇರುವ ಸ್ಕ್ರೀನಿಂಗ್.

ಐವಿಎಫ್ ಮಾಡಿ, ಭ್ರೂಣವನ್ನು ಮೊದಲೇ ಪರೀಕ್ಷಿಸಿ, ರೋಗ ಇಲ್ಲದ್ದನ್ನು ಮಾತ್ರ ಗರ್ಭದಲ್ಲಿ ಇಡುವ ದಾರಿಯೂ ಇದೆ. ಪಿಜಿಟಿ-ಎಂ ಅನ್ನುತ್ತಾರೆ. ಖರ್ಚು ಜಾಸ್ತಿ, ಒಂದೇ ಸಲಕ್ಕೆ ಫಲ ಸಿಗುತ್ತದೆ ಅನ್ನಲಾಗದು. ಬಸಿರು ಮುಂದುವರಿಸುವುದೋ ಬೇಡವೋ ಅನ್ನುವ ಪ್ರಶ್ನೆ ಬೇಡ ಅನ್ನುವವರಿಗೆ ಅದು ದಾರಿ.

ಸಿವಿಎಸ್‌ನಲ್ಲಿ ರೋಗ ಇದೆ ಅಂತ ಬಂದರೆ ಏನು ಮಾಡಬೇಕು ಅನ್ನುವುದು ಪೂರ್ತಿ ನಿಮ್ಮದು. ಅಜ್ಜಿಯದೂ ಅಲ್ಲ, ನನ್ನದೂ ಅಲ್ಲ. ಬಸಿರು ತೆಗೆಸಲು ಕಾನೂನಿನಲ್ಲಿ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯ ನಂತರ ನಿಯಮದಲ್ಲಿ ಹೇಳಿದ ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಅವಕಾಶ ಇದೆ. ಭ್ರೂಣದಲ್ಲಿ ಗಂಭೀರ ತೊಂದರೆ ಇದ್ದರೆ ಅದರ ಮೇಲೂ ಮೆಡಿಕಲ್ ಬೋರ್ಡ್ ತೀರ್ಮಾನ ಮಾಡುತ್ತದೆ. ಎಸ್‌ಎಂಎಗೆ ಈಗ ಔಷಧ ಬಂದಿವೆ. ಒಂದೇ ಡೋಸ್‌ನ ಜೀನ್ ಚಿಕಿತ್ಸೆಯ ಬೆಲೆ ಕೋಟಿಗಟ್ಟಲೆ. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಒಬ್ಬ ರೋಗಿಗೆ ಸಿಗುವ ನೆರವು ಹೆಚ್ಚೆಂದರೆ 50 ಲಕ್ಷ ರೂಪಾಯಿ. ಈ ಅಂತರ ನೋಡಿದರೆ ಮುಂಚೆಯೇ ತಿಳಿದುಕೊಳ್ಳಿ ಅಂತ ಯಾಕೆ ಒತ್ತಿ ಹೇಳುತ್ತೇನೆ ಅನ್ನುವುದು ಅರ್ಥವಾಗುತ್ತದೆ.

ಬಸಿರು ನಿಂತ ಮೇಲೆ ಓಡಾಡಿದರೆ ಸಮಯ ಸಾಲುವುದಿಲ್ಲ. ಇಂಥ ಎಷ್ಟೋ ರಿಪೋರ್ಟ್‌ಗಳು ಬರಲು ವಾರಗಳೇ ಬೇಕು. ಈಗ ನಿಮ್ಮ ಕೈಯಲ್ಲಿ ಒಂದು ವರ್ಷ ಇದೆ. ಅದೇ ನಿಮ್ಮ ದೊಡ್ಡ ಅನುಕೂಲ.


ಹಳೇ_ಬಾಗಲಕೋಟೆ

ಎಲ್ಲಾ ಓದಿದೆ. ಆ ತಾಯಿಯ ಪ್ರಶ್ನೆ ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು. ಸಂಬಂಧದ ಮದುವೆ ಬಿಡಿ ಅಂತ ನಾನು ಈಗಲೂ ಹೇಳುವುದಿಲ್ಲ. ಆದರೆ ಟೆಸ್ಟ್ ಮಾಡಿಸಲು ಯಾವ ಹಿರಿಯರೂ ಅಡ್ಡ ಬರಬಾರದು. ನಮ್ಮ ಮಗಳ ಮದುವೆಯೂ ನನ್ನ ಹೆಂಡತಿಯ ತಮ್ಮನ ಜೊತೆಗೇ ಮಾತಾಗಿದೆ. ಇಬ್ಬರಿಗೂ ಎಚ್‌ಪಿಎಲ್‌ಸಿ ಬಾಗಲಕೋಟೆಯಲ್ಲೇ ಆಗುತ್ತದಾ, ಹುಬ್ಬಳ್ಳಿಗೆ ಹೋಗಬೇಕಾ?


ವಿಜಯಪುರ_ಲ್ಯಾಬ್

ಕಾಕಾ, ಹುಬ್ಬಳ್ಳಿಗೆ ಹೋಗುವ ಅಗತ್ಯ ಇಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಮೊದಲು ಅಲ್ಲೇ ವಿಚಾರಿಸಿ. ಎಚ್‌ಪಿಎಲ್‌ಸಿಯಾಗಲಿ, ಎಂಎಲ್‌ಪಿಎ ಆಗಲಿ, ಊರಲ್ಲಿ ಮಷಿನ್ ಇಲ್ಲದಿದ್ದರೆ ರಕ್ತದ ಟ್ಯೂಬ್ ಕೊರಿಯರ್‌ನಲ್ಲಿ ಹೋಗುತ್ತದೆ. ನೀವು ಹೋಗಬೇಕಾಗಿಲ್ಲ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಎರಡು ಮೂರು ಎಂಎಲ್ ಸಾಕು. ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಯೂ ಇಲ್ಲ.

ದೊಡ್ಡ ತೀರ್ಮಾನ ಇರುವವರು, ಅಂದರೆ ಜಮಖಂಡಿ ತಂಗಿಯ ತರಹದವರು, ಒಂದು ಸಲವಾದರೂ ಬೆಂಗಳೂರಿಗೆ ಹೋಗಿ ಬರುವುದು ಒಳ್ಳೆಯದು. ಅಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಪರೂಪದ ರೋಗಗಳಿಗೆ ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರವಾಗಿವೆ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ವಿಜಯಪುರ, ಬಾಗಲಕೋಟೆ ಎರಡೂ ಕಡೆ ನಿಲ್ಲುತ್ತದೆ. ಹೋಗುವಾಗ ಕೂಸಿನ ಫೈಲ್‌ನ ಮೂಲ ಪ್ರತಿ ಒಯ್ಯಿರಿ, ಜೆರಾಕ್ಸ್ ಮನೆಯಲ್ಲಿ ಇಡಿ.


ಕೂಸಿನವ್ವ_ಬೆಳಗಾವಿ

ಜಮಖಂಡಿ ತಂಗಿ, ಫೋಲಿಕ್ ಆಸಿಡ್ ಈಗಿನಿಂದಲೇ ಡಾಕ್ಟರನ್ನು ಕೇಳಿ ಶುರು ಮಾಡಿ. ಬಸಿರಿಗೆ ಒಂದರಿಂದ ಮೂರು ತಿಂಗಳು ಮುಂಚೆಯೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು, ಮಗುವಿನ ಬೆನ್ನುಹುರಿಗೆ ಅದು ಬೇಕು. ಬಸಿರು ನಿಂತದ್ದು ಗೊತ್ತಾಗುವ ಹೊತ್ತಿಗೆ ಬೆನ್ನುಹುರಿ ಕೂಡಿಕೊಳ್ಳುವ ಕೆಲಸ ಮುಗಿಯುತ್ತಾ ಬಂದಿರುತ್ತದೆ.


ಜಮಖಂಡಿ_ಸೊಸೆ

ಅಕ್ಕಾರು, ದೊಡ್ಡ ಮಾವ ಇಬ್ಬರೂ ರಕ್ತ ಕೊಡಲು ಒಪ್ಪಿದ್ದಾರೆ. ಎಚ್‌ಪಿಎಲ್‌ಸಿ ನಮ್ಮಿಬ್ಬರದು ಈ ವಾರವೇ ಆಗುತ್ತದೆ. ದೊಡ್ಡ ಮಾವ ಕಬ್ಬಿನ ಕಟಾವು ಮುಗಿಸಿ ಬರುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಅಕ್ಕಾರ ಸ್ಯಾಂಪಲ್ ಒಂದನ್ನೇ ಕಳಿಸಿದರೆ ನಡೆಯುತ್ತದಾ?


ಬೆಳಗಾವಿ_ಮಕ್ಕಳಡಾಕ್ಟರ್

ನಡೆಯುತ್ತದೆ, ಆದರೆ ಬೇಡ. ಅವರೊಬ್ಬರದೇ ರಿಪೋರ್ಟ್ ಮೊದಲು ಬಂದು ಕ್ಯಾರಿಯರ್ ಅಂತ ಇದ್ದರೆ ಊರವರ ಮಾತು ಮತ್ತೆ ಅವರ ಮೇಲೇ ಬೀಳುತ್ತದೆ. ಇಬ್ಬರ ರಕ್ತವೂ ಒಂದೇ ದಿನ ಹೋಗಲಿ, ಇಬ್ಬರ ರಿಪೋರ್ಟೂ ಒಟ್ಟಿಗೆ ಬರಲಿ.